ಒಲೆಯ ಪಕ್ಕ ಇಟ್ಟ ಔಷಧಿ

ತಿಶ್ಕಾಬ್ ಊರಿನಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಬಂದರೆ ಅಷ್ಟೇನೂ ಗದ್ದಲವಾಗುವುದಿಲ್ಲ. ಮನೆಗೊಬ್ಬರು ಇದ್ದೇ ಇದ್ದಾರೆ. ಮಾತ್ರೆ ನುಂಗುತ್ತಾರೆ, ಮಾತ್ರೆಯ ಮೇಲೆ ಕಪ್ಪು ಸೋಡಾ ಕುಡಿಯುತ್ತಾರೆ, ತಮ್ಮ ಪಾಡಿಗೆ ತಾವಿರುತ್ತಾರೆ. 'ಸೂಜಿ ಶುರುವಾಯಿತಂತೆ' ಎಂಬ ಸುದ್ದಿ ಬಂದರೆ ಮಾತ್ರ ಕಥೆ ಬೇರೆ. ಹೆಂಗಸರು ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಳ್ಳುತ್ತಾರೆ, ಆ ಮನೆಗೆ ಕೋಳಿ ಸಾರು ಕಳಿಸುತ್ತಾರೆ, ಸೂಜಿ ತೆಗೆದುಕೊಂಡು ಕಣ್ಣು ಕಳೆದುಕೊಂಡವರನ್ನೆಲ್ಲ ಒಬ್ಬೊಬ್ಬರಾಗಿ ನೆನೆಯುತ್ತಾರೆ. ಆ ಸಾಲಿನಲ್ಲಿ ಮೊದಲು ಬರುವ ಹೆಸರು ಬಸೀಲಿಯಾ ಪೋತ್ ಎಂಬಾಕೆಯದು.

ಬಸೀಲಿಯಾ ಒಂದು ಕಾಲಕ್ಕೆ ಎಳೆ ಎಣಿಸಿ ಹಾಕುವ ಕಸೂತಿಯಲ್ಲಿ ಎತ್ತಿದ ಕೈ. ಮದುವಣಗಿತ್ತಿಯರು ಉಡುವ ಬಿಳಿ ನಿಲುವಂಗಿ, ಅಂದರೆ ಇಪಿಲ್, ಅದರ ಕೊರಳಿಗೂ ಅಂಚಿಗೂ ಅವಳ ಹೂವೇ ಬೇಕು ಎಂದು ಅಕ್ಕಪಕ್ಕದ ಊರಿನವರು ಕಾದು ಕೂರುತ್ತಿದ್ದರು. ಈಗ ಅವಳಿಗೆ ಬೆಳಕು ಯಾವುದು ನೆರಳು ಯಾವುದು ಎಂದೂ ತಿಳಿಯದು. ಕಸೂತಿ ಮಗಳು ನೆಲ್ಸಿಯ ಕೈಗೆ ಬಂದಿದೆ. ನೆಲ್ಸಿಯ ಗಂಡ ಕರಾವಳಿಯ ಹೋಟೆಲಿನಲ್ಲಿ ದುಡಿಯುತ್ತಾನೆ, ಬಿಡುವಾದಾಗ ಬರುತ್ತಾನೆ. ಮನೆಯಲ್ಲಿ ಇರುವುದು ತಾಯಿ ಮಗಳು ಇಬ್ಬರೇ.

ಆ ವರ್ಷ ಬೇಸಿಗೆಯಲ್ಲಿ ನೆಲ್ಸಿಗೆ ದಾಹ ಹಿಡಿಯಿತು. ಬಸೀಲಿಯಾ ಅದನ್ನು ಕಿವಿಯಿಂದಲೇ ಗೊತ್ತುಮಾಡಿಕೊಂಡಳು. ನೀರಿನ ಮಡಕೆಯ ಮುಚ್ಚಳ ಗಳಿಗೆಗೊಮ್ಮೆ ಸದ್ದು ಮಾಡುತ್ತಿತ್ತು. ಮಗಳು ತಾನು ಮಲಗುವ ತೂಗುಜೋಲಿಯಿಂದ ಎದ್ದೆದ್ದು ಹಿತ್ತಲಿಗೆ ಓಡುತ್ತಿದ್ದಳು. ಒಂದು ದಿನ ಅವಳ ತೋಳು ಹಿಡಿದು ನೋಡಿದರೆ ಬರೀ ಮೂಳೆ.

"ಏನೇ ಇದು, ಒಣಗಿದ ಕಡ್ಡಿ ಹಂಗಾಗಿದ್ದೀಯ! ಊಟ ಮಾಡ್ತೀಯೋ, ನನ್ನ ಮುಂದೆ ತಟ್ಟೆ ಸದ್ದು ಮಾಡಿ ಕೋಳಿಗೆ ಹಾಕ್ತೀಯೋ?"

"ತಿಂತಾನೇ ಇದ್ದೀನಿ ಅವ್ವ. ತಿಂದಿದ್ದು ಎಲ್ಲಿಗೆ ಹೋಗ್ತದೋ ಗೊತ್ತಿಲ್ಲ."

"ನಂಗೊತ್ತು. ನಂದೂ ಅಲ್ಲಿಗೇ ಹೋಗಿದ್ದು. ನಾಳೆ ಬೆಳಗಾಗ್ತಾನೇ ಆಸ್ಪತ್ರೆಗೆ ನಡಿ."

ಹೀಗೆ ಆಸ್ಪತ್ರೆಗೆ ಅಟ್ಟಿದವಳು ಬಸೀಲಿಯಾಳೇ. ಮಗಳು ಮಾತ್ರೆ ತರುತ್ತಾಳೆ ಎಂದುಕೊಂಡಿದ್ದಳು. ನೆಲ್ಸಿ ಸೂಜಿ ತಂದಳು. ಜೊತೆಗೆ ಆರೋಗ್ಯ ಕೇಂದ್ರದ ನರ್ಸ್ ಮಿರ್ನಾ ಬಂದಳು. ಹಿರಿಯ ಹೆಂಗಸರನ್ನು ಅವಳು ದೋನ್ಯಾ, ಅಂದರೆ ಅಮ್ಮನವರೇ, ಎಂದೇ ಕರೆಯುವವಳು.

"ದೋನ್ಯಾ ಬಸೀಲಿಯಾ, ಚೆನ್ನಾಗಿದ್ದೀರಾ? ನಿಮ್ಮ ಮಗಳ ರಕ್ತದಲ್ಲಿ ಸಕ್ಕರೆ ವಿಪರೀತ ಏರಿದೆ. ಅದಕ್ಕೆ ಡಾಕ್ಟರು ಸದ್ಯಕ್ಕೆ ಇನ್ಸುಲಿನ್ ಬರೆದಿದ್ದಾರೆ."

"ಯಾಕೆ, ನಿಮ್ಮಲ್ಲಿ ಮಾತ್ರೆ ಮುಗಿದು ಹೋಯ್ತಾ?"

"ಮಾತ್ರೆನೂ ಕೊಟ್ಟಿದ್ದಾರೆ. ಇದೂ ಬೇಕು."

"ಕಾಯಿಲೆ ಬಂದು ಇನ್ನೂ ಕಾಲಿನ ಧೂಳು ಕೊಡವಿಲ್ಲ, ಆಗಲೇ ಸೂಜಿನಾ? ಅದು ಕೊನೇಲಿ ಕೊಡೋದು ಕಣಮ್ಮ. ಪಾದ್ರಿ ಬರೋಕೆ ಸ್ವಲ್ಪ ಮುಂಚೆ."

ಮಿರ್ನಾ ನಕ್ಕಳು. ನಕ್ಕು, ಒಲೆಯ ಪಕ್ಕದ ಗಿಡ್ಡ ಮಣೆ ಎಳೆದುಕೊಂಡು ಕೂತಳು. ಆ ಮನೆಯಲ್ಲಿ ಮೂರು ಕಲ್ಲಿನ ಒಲೆ, ಅದರ ಮೇಲೆ ಹೆಂಚು, ಹೆಂಚಿನ ಮೇಲೆ ಮೆಕ್ಕೆಜೋಳದ ರೊಟ್ಟಿ ಉಬ್ಬುತ್ತಿತ್ತು.

"ನೀವು ಬೀದಿ ಹಬ್ಬಕ್ಕೆ ರೊಟ್ಟಿ ತಟ್ಟಿದ್ದೀರಲ್ಲ? ಊರಿಗೆಲ್ಲ ಒಬ್ಬಳೇ ತಟ್ಟೋ ಹಾಗಾದ್ರೆ ಏನಾಗ್ತದೆ?"

"ಏನಾಗ್ತದೆ, ತೋಳು ಬಿದ್ದೋಗ್ತದೆ."

"ಹೊಟ್ಟೆ ಹಿಂದೆ ಒಂದು ಗ್ರಂಥಿ ಇದೆ, ಮೇದೋಜೀರಕ ಅಂತಾರೆ. ನಮ್ಮ ಮೈಯಲ್ಲಿ ಇನ್ಸುಲಿನ್ ತಯಾರು ಮಾಡೋದು ಅದೊಂದೇ. ತಿಂದ ಅನ್ನ, ರೊಟ್ಟಿ ಎಲ್ಲ ಸಕ್ಕರೆಯಾಗಿ ರಕ್ತಕ್ಕೆ ಬರ್ತದೆ. ಅದನ್ನ ಮೈಗೆ ಹಿಡಿಸೋದು ಇನ್ಸುಲಿನ್ ಕೆಲಸ. ನೆಲ್ಸಿದು ತಟ್ಟಿ ತಟ್ಟಿ ಸೋತಿದೆ. ಸೋತಿದೆ ಅಷ್ಟೇ, ಸತ್ತಿಲ್ಲ. ಈಗಲೇ ಈ ಸೂಜಿ ಅನ್ನೋ ಪಕ್ಕದ ಮನೆಯವಳು ಬಂದು ಎರಡನೇ ಒಲೆ ಹಚ್ಚಿದ್ರೆ ಇವಳು ಸ್ವಲ್ಪ ಕಾಲು ಚಾಚ್ಕೊತಾಳೆ, ಸುಧಾರಿಸ್ಕೊತಾಳೆ. ಆಮೇಲೆ ತಾನೇ ತಟ್ಟಬಹುದು. ತೋಳು ಬಿದ್ದೋದ ಮೇಲೆ ಕರೆದ್ರೆ?"

"ಆಗ ಸಾಯೋವರೆಗೂ ಪಕ್ಕದ ಮನೆಯವಳೇ ಗತಿ" ಎಂದಳು ನೆಲ್ಸಿ.

"ಪಕ್ಕದ ಮನೆಯವಳು ಬರ್ಲಿ, ಬೇಡ ಅಂದೋರು ಯಾರು" ಎಂದಳು ಬಸೀಲಿಯಾ. "ನಮ್ಮನೆಗೆ ಬಂದೋಳು ಹೋಗುವಾಗ ನನ್ನ ಕಣ್ಣು ಎತ್ಕೊಂಡು ಹೋದ್ಲಲ್ಲ, ಅದಕ್ಕೇನಂತೀಯ?"

ಮಿರ್ನಾ ಚೀಲದಿಂದ ಔಷಧಿಯ ಸೀಸೆ ತೆಗೆದಳು. "ಅದು ಸೂಜಿಯಿಂದ ಆಗಿದ್ದಲ್ಲ, ದೋನ್ಯಾ. ನೆಲ್ಸಿ ಕಣ್ಣನ್ನ ಪೇಟೆಯಲ್ಲಿ ತೋರಿಸಿದ್ದೀವಿ, ಚೆನ್ನಾಗಿವೆ. ಚೆನ್ನಾಗೇ ಇರ್ಲಿ ಅಂತಲೇ ಇದನ್ನ ಕೊಡ್ತಿರೋದು. ಸೀಸೆ ಮಾತ್ರ ತಂಪಾಗಿರ್ಬೇಕು. ನಿಮ್ಮಲ್ಲಿ ಫ್ರಿಜ್ ಇಲ್ಲ, ಅದಕ್ಕೆ ಮಡಕೇಲಿ ಒದ್ದೆ ಮರಳು ಹಾಕಿ, ಒಳಗೆ ಡಬ್ಬಿ ಹೂಳಿ, ಡಬ್ಬೀಲಿ ಇದನ್ನಿಡಿ. ನೆರಳಲ್ಲಿ."

ಇಷ್ಟು ಮಾತಿನಲ್ಲಿ ಬಸೀಲಿಯಾಳ ಕಿವಿಗೆ ಬಿದ್ದದ್ದು ಒಂದೇ. ತಂಪು.

ಈ ಸೀಮೆಯವರಿಗೆ ಶೀತ ಉಷ್ಣದ ವಿಷಯ ಯಾರೂ ಹೇಳಿಕೊಡಬೇಕಾಗಿಲ್ಲ. ಹೆಂಚಿನ ಮುಂದೆ ಕೂತೆದ್ದವಳು ತಣ್ಣೀರು ಮುಟ್ಟುವುದಿಲ್ಲ. ಇಸ್ತ್ರಿ ಮಾಡಿದವಳು ಕೈ ತೊಳೆಯುವುದಿಲ್ಲ. ಕಸೂತಿ ಹಾಕಿದ ಕಣ್ಣು ಕಾದಿರುತ್ತದೆ, ಆಗ ಮುಖಕ್ಕೆ ನೀರು ಹಾಕಿಕೊಂಡರೆ ಶೀತ ಕಣ್ಣಿಗೆ ಇಳಿಯುತ್ತದೆ ಎಂದು ಅಜ್ಜಿಯಂದಿರು ಹುಡುಗಿಯರ ಕೈ ಮೇಲೆ ಹೊಡೆಯುತ್ತಾರೆ. ಬಸೀಲಿಯಾ ಸೂಜಿ ತೆಗೆದುಕೊಳ್ಳುತ್ತಿದ್ದ ಕಾಲದಲ್ಲಿ ಅವಳ ಸೀಸೆ ಮಾಂಸದಂಗಡಿಯವನ ಐಸ್ ಪೆಟ್ಟಿಗೆಯಲ್ಲಿ ಇರುತ್ತಿತ್ತು. ಕಸೂತಿ ಬಿಟ್ಟೆದ್ದು, ಅಲ್ಲಿಗೆ ಹೋಗಿ, ಹಿಮದಂಥ ಔಷಧಿಯನ್ನು ಕಾದ ಮೈಗೆ ಚುಚ್ಚಿಕೊಂಡು ಬರುತ್ತಿದ್ದಳು. ಆ ಮಳೆಗಾಲ ಮುಗಿಯುವುದರೊಳಗೆ ಕಣ್ಣು ಹೋಯಿತು. ಶೀತವಲ್ಲದೆ ಇನ್ನೇನು?

ಆದರೆ ಅವಳು ಮೊಂಡಿಯಲ್ಲ. ಮಗಳು ಒಣಗುತ್ತಿರುವುದು ಅವಳ ಕೈಗೇ ತಿಳಿದಿತ್ತು. ಔಷಧಿ ಬೇಕು, ಅದರ ಶೀತ ಬೇಡ. ಶೀತ ತೆಗೆಯುವುದೇನು ಬ್ರಹ್ಮವಿದ್ಯೆಯೇ? ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವಳು, ಒಲೆ ಹಚ್ಚುವವಳು ಬಸೀಲಿಯಾ. ಹಾಗಾಗಿ ದಿನಾ ಬೆಳಗ್ಗೆ ಮರಳಿನ ಮಡಕೆಗೆ ಕೈ ಹಾಕಿ ಸೀಸೆ ತೆಗೆದು, ಒಲೆಯ ಕಲ್ಲಿಗೆ ಒರಗಿಸಿ ಇಡತೊಡಗಿದಳು. ಗಾಜು ಬೆಚ್ಚಗಾದ ಮೇಲೆ, ಮಗಳ ತೂಗುಜೋಲಿಯ ಹಗ್ಗ ಕಿರ್ ಎನ್ನುವ ಮೊದಲು, ಮತ್ತೆ ಡಬ್ಬಿಗೆ ಸೇರಿಸುತ್ತಿದ್ದಳು. ನೆಲ್ಸಿ ಎದ್ದು ಅದೇ ಸೀಸೆಯಿಂದ ಸೂಜಿ ಚುಚ್ಚಿಕೊಳ್ಳುತ್ತಿದ್ದಳು.

"ಮಿರ್ನಾ ತಂಪು ಅಂದ್ಲು, ಇದೇನು ಬೆಚ್ಚಗಿದೆ?" ಎಂದು ಒಮ್ಮೆ ಕೇಳಿದಳು.

"ಈ ಬಿಸಿಲಲ್ಲಿ ಬಾವಿ ನೀರೇ ಬೆಚ್ಚಗಿದೆ, ಸೀಸೆದೇನು ಹೆಚ್ಚು!" ಎಂದು ತಾಯಿ ಬಾಯಿ ಮುಚ್ಚಿಸಿದಳು.

ನೆಲ್ಸಿ ಆಗ ಹಾಕುತ್ತಿದ್ದದ್ದು ಪಕ್ಕದ ಮನೆ ಕಂದೆಲಾರಿಯಾಳ ಮಗಳ ಮದುವೆಯ ಇಪಿಲ್. ಕಂದೆಲಾರಿಯಾ ಬಾಯಿ ಜೋರಿನ ಹೆಂಗಸು. ಕೆಲಸ ಎಲ್ಲಿಗೆ ಬಂತು ಎಂದು ನೋಡುವ ನೆಪದಲ್ಲಿ ದಿನಾ ಬರುವಳು, ಬರುವಾಗ ಸೋಡಾ ಬಾಟಲಿಯನ್ನೂ ತರುವಳು.

"ನೆಲ್ಸಿ, ಈ ಹೂವಿಗೆ ಒಂದು ಪಕಳೆ ಕಡಿಮೆ ಅಲ್ವೇನೇ? ನನ್ನ ಮಗಳಿಗೆ ಗಂಡ ಸಿಕ್ಕಿದ್ದೇ ಕಷ್ಟ. ಇನ್ನು ಇದನ್ನ ಹಾಕ್ಕೊಂಡು ಹೋದ್ರೆ ಅವನೂ ಓಡ್ಹೋಗ್ತಾನೆ."

ನೆಲ್ಸಿ ಬಟ್ಟೆಯನ್ನು ಹತ್ತಿರ ತಂದಳು, ದೂರ ಹಿಡಿದಳು. "ಬಿಚ್ಚಿ ಹಾಕ್ತೀನಿ ಅಕ್ಕ. ಯಾಕೋ ಎಳೆಗಳು ಒಂದರೊಳಗೊಂದು ಕಲಸಿ ಹೋಗ್ತಿವೆ. ಎಣಿಸೋಕೇ ಆಗ್ತಿಲ್ಲ."

"ಸೂಜಿ!" ಎಂದಳು ಕಂದೆಲಾರಿಯಾ. "ನಾನು ಹೇಳಲಿಲ್ವಾ? ಬಸೀಲಿಯಕ್ಕ, ನಿಮ್ಮ ಮನೇಲಿ ಒಬ್ಬರದ್ದು ಹೋಗಿದ್ದು ಸಾಲ್ದಾ?"

ಬಸೀಲಿಯಾಳಿಗೆ ಹಳೆಯದೆಲ್ಲ ನೆನಪಾಯಿತು. ತನಗೂ ಹೀಗೆಯೇ ಆಗಿತ್ತು. ಮೊದಲು ಎಳೆ ಕಲಸಿತು, ಆಮೇಲೆ ಹೂವು, ಆಮೇಲೆ ಮಗಳ ಮುಖ. ಎಲ್ಲಕ್ಕಿಂತ ಹೆಚ್ಚು ಅವಳಿಗೆ ನೆನಪಾಗುವುದು ಆ ಮುಖವೇ. ನೆಲ್ಸಿ ಈಗ ನೋಡಲು ಹೇಗಿದ್ದಾಳೆ ಎಂಬುದು ಅವಳಿಗೆ ಗೊತ್ತಿಲ್ಲ.

ಇಷ್ಟು ಕಾಯಿಸಿದರೂ ಶೀತ ಹೋಗಿಲ್ಲ ಎಂದುಕೊಂಡಳು. ಮರುದಿನದಿಂದ ಸೀಸೆಯನ್ನು ಕಲ್ಲಿಗೆ ಒರಗಿಸುವುದು ಬಿಟ್ಟು ಬಿಸಿ ಬೂದಿಯಲ್ಲೇ ಹೂಳಿದಳು. ಬಡಪಾಯಿ ತಾಯಿ, ಲೆಕ್ಕವನ್ನೆಲ್ಲ ಸರಿಯಾಗಿಯೇ ಹಾಕಿದ್ದಳು. ಬುಡವೊಂದು ತಪ್ಪಿತ್ತು.

ಮಿರ್ನಾ ಮತ್ತೆ ಬಂದದ್ದು ಸೋಮವಾರ. ಸೋಮವಾರವಾದ್ದರಿಂದ ಒಲೆಯ ಮೇಲೆ ಕಪ್ಪು ಕಾಳು, ಹಂದಿಮಾಂಸ ಒಟ್ಟಿಗೆ ಕುದಿಯುತ್ತಿದ್ದವು. ಆ ಸೀಮೆಯಲ್ಲಿ ಸೋಮವಾರ ಎಲ್ಲರ ಮನೆಯಲ್ಲೂ ಅದೇ ಅಡುಗೆ. ನೆಲ್ಸಿ ತೂಗುಜೋಲಿಯಲ್ಲಿ ಮಲಗಿದ್ದಳು. ಹಗಲು ಮಲಗುವವಳೇ ಅಲ್ಲ ಅವಳು. ಮಿರ್ನಾ ಅವಳ ಬೆರಳು ಚುಚ್ಚಿ ಸಕ್ಕರೆ ನೋಡಿದಳು.

"ಇದೇನಿದು! ಮೊದಲಿಗಿಂತ ಏರಿದೆಯಲ್ಲ. ಸೂಜಿ ತಗೋತಿದ್ದೀಯಾ, ನಿಜ ಹೇಳು?"

"ದೇವರಾಣೆ ತಗೋತಿದ್ದೀನಿ. ಒಂದು ದಿನಾನೂ ಬಿಟ್ಟಿಲ್ಲ."

"ಸೋಡಾ?"

"ಅಕ್ಕ ತಂದಾಗ ಒಂದು ಗುಟುಕು. ಅಷ್ಟೇ."

"ಆ ಗುಟುಕನ್ನೂ ಬಿಡು. ಆದ್ರೆ ಗುಟುಕಿಗೆ ಇಷ್ಟು ಏರಲ್ಲ. ಸೀಸೆ ತಾ."

ಮಿರ್ನಾ ಸೀಸೆಯನ್ನು ಅಂಗೈಯಲ್ಲಿ ಉರುಳಿಸಿ ಬಾಗಿಲ ಬೆಳಕಿಗೆ ಹಿಡಿದಳು. ಆ ಔಷಧಿ ಹಾಲಿನ ಹಾಗೆ ಬೆಳ್ಳಗಿರಬೇಕು. ಇದರಲ್ಲಿ ಗಟ್ಟಿ ಬೇರೆ, ನೀರು ಬೇರೆ. ಗಾಜಿಗೆ ಬಿಳಿ ಚೂರುಗಳು ಅಂಟಿದ್ದವು.

"ಒಡೆದ ಹಾಲಿನ ಥರ ಆಗಿದೆ. ಇದಕ್ಕೆ ಬಿಸಿ ತಗುಲಿದೆ. ಇದು ಕೆಲಸಕ್ಕೆ ಬರಲ್ಲ, ನೆಲ್ಸಿ. ಇಷ್ಟು ದಿನ ನೀನು ನೀರು ಚುಚ್ಕೊಂಡ ಹಾಗೇ ಸರಿ. ಬಿಸಿಲಿಗೆ ಇಟ್ಟಿದ್ಯಾ?"

"ಇಲ್ವೇ ಇಲ್ಲ. ಮರಳಿಂದ ತೆಗೀತೀನಿ, ಮರಳಿಗೇ ಇಡ್ತೀನಿ."

ಸಾರು ತಿರುವುತ್ತಿದ್ದ ಬಸೀಲಿಯಾ ಸೌಟು ಕೆಳಗಿಟ್ಟಳು.

"ನಾನು" ಎಂದಳು ಬಸೀಲಿಯಾ. "ನಾನೇ ಕಾಯಿಸಿದ್ದು. ದಿನಾ. ಶೀತ ತೆಗೆಯೋಣ ಅಂತ."

ನೆಲ್ಸಿ ತೂಗುಜೋಲಿಯಿಂದ ಧಡಕ್ಕನೆ ಎದ್ದಳು. "ಅವ್ವಾ! ನಾನು ದಿನಾ ಹೊಟ್ಟೆಗೆ ಚುಚ್ಕೊಂಡು ಸಾಯ್ತಿದ್ದೀನಿ, ನೀನು ಅದನ್ನ ಬೇಯಿಸ್ತಿದ್ದೀಯಾ? ಆಲೂಗಡ್ಡೆನಾ ಅದು?"

"ಬಯ್ಯಿ. ಬಯ್ಯಿಸ್ಕೊಬೇಕು ನಾನು. ಆದ್ರೆ ನನ್ನ ಕಣ್ಣು ಕೊಂದಿದ್ದು ಆ ಶೀತಾನೇ. ನಿಂಗೂ ಆಗಲೇ ಎಳೆ ಕಲಸಿ ಕಾಣ್ತಿದೆ, ನಿಂದೂ ಹೋದ್ರೆ ಈ ಮನೇಲಿ ಕುರುಡಿ ಕೈ ಕುರುಡಿ ಹಿಡ್ಕೊಂಡು ಎಲ್ಲಿಗೆ ಹೋಗೋಣ ಹೇಳು?"

ಮಿರ್ನಾ ಬಯ್ಯಲಿಲ್ಲ. ಮಣೆ ಎಳೆದುಕೊಂಡು ಮುದುಕಿಯ ಎದುರಿಗೆ ಕೂತಳು. "ನೆಲ್ಸಿಗೆ ಈಗ ಬಂದಿರೋದು ಸಕ್ಕರೆ ಏರಿದ್ದಕ್ಕೆ ಬಂದ ಮಬ್ಬು. ಸಕ್ಕರೆ ಇಳಿದ್ರೆ ಅದೂ ಹೋಗ್ತದೆ. ನಿಮ್ಮದು ಬೇರೆ ದೋನ್ಯಾ. ಎಷ್ಟೋ ವರ್ಷ ಸಕ್ಕರೆ ಏರಿಯೇ ಇದ್ರೆ ಕಣ್ಣೊಳಗಿನ ಕೂದಲಿನಂಥ ರಕ್ತನಾಳಗಳು ಹಾಳಾಗ್ತವೆ. ಒಂದು ಕೇಳ್ತೀನಿ, ನೆನಪು ಮಾಡ್ಕೊಂಡು ಹೇಳಿ. ನಿಮಗೆ ಮೊದಲ ಸಲ ಎಳೆ ತಪ್ಪಿದ್ದು ಯಾವಾಗ? ಸೂಜಿಗಿಂತ ಮುಂಚೆನೋ, ಆಮೇಲೋ?"

"ಆಮೇಲೆ. ಕಣ್ಣಿದ್ದಾಗ ನಾನು ಎಳೆ ತಪ್ಪಿದೋಳಲ್ಲ. ಊರಲ್ಲಿ ಯಾರನ್ನ ಬೇಕಾದ್ರೂ ಕೇಳು."

ನೆಲ್ಸಿ ಮೂಲೆಯ ಮರದ ಪೆಟ್ಟಿಗೆ ತೆರೆದು, ಅಡಿಯಿಂದ ಒಂದು ಹಳೆಯ ಇಪಿಲ್ ತೆಗೆದು ತಾಯಿಯ ಮಡಿಲಲ್ಲಿಟ್ಟಳು. ತನಗೆ ಹದಿನೈದು ತುಂಬಿದಾಗ ತಾಯಿ ಹಾಕಿಕೊಟ್ಟದ್ದು. ಬಸೀಲಿಯಾ ಬಟ್ಟೆ ಮುಟ್ಟಿದ ಕೂಡಲೇ ಗುರುತು ಹಿಡಿದಳು. ಮುಖ ಅರಳಿತು. ಕೊರಳಿನಿಂದ ಶುರುಮಾಡಿ ಬೆರಳನ್ನು ಹೂವಿನಿಂದ ಹೂವಿಗೆ ನಡೆಸಿದಳು. ಎಡ ಭುಜದ ಹತ್ತಿರ ಬೆರಳು ನಿಂತಿತು. ಹಿಂದಕ್ಕೆ ಬಂದು ಮತ್ತೆ ಎಣಿಸಿತು. ಪಕಳೆಯಲ್ಲಿ ಒಂದು ಹೊಲಿಗೆ ಜಾರಿತ್ತು. ಅದರ ಮುಂದಿನ ಹೂವಿನಲ್ಲೂ ಜಾರಿತ್ತು. ಅದರಾಚೆಯ ಎಲೆ ಪೂರಾ ಒಂದು ಎಳೆ ಪಕ್ಕಕ್ಕೆ ಸರಿದಿತ್ತು.

"ನೀನು ಬಿಚ್ಚಿ ಹಾಕಿದ್ದಾ ಇದನ್ನ?" ಎಂದಳು ಸಣ್ಣ ದನಿಯಲ್ಲಿ.

"ಇಲ್ಲ ಅವ್ವ. ಅದು ಹಂಗೇ ಇತ್ತು. ಆವತ್ತೇ ನೋಡಿದ್ದೆ. ನಿನಗೆ ಬೇಜಾರಾಗ್ತದೆ ಅಂತ ಹೇಳಲಿಲ್ಲ. ಕೂದಲು ಮುಂದಕ್ಕೆ ಹಾಕ್ಕೊಂಡು ಮುಚ್ಚಿದ್ದೆ."

ಬಸೀಲಿಯಾ ಬಟ್ಟೆಯನ್ನು ಮಡಿಲಲ್ಲೇ ಹಿಡಿದು ವರ್ಷಗಳ ಲೆಕ್ಕ ಹಾಕಿದಳು. ಸೂಜಿ ಶುರುವಾದದ್ದು ನೆಲ್ಸಿಯ ಮದುವೆಯಾದ ಮೇಲೆ. ಈ ಬಟ್ಟೆ ಅದಕ್ಕಿಂತ ಎಷ್ಟೋ ವರ್ಷ ಹಿಂದಿನದು. ಕಣ್ಣು ಆಗಲೇ ಹೊರಟಿತ್ತು.

"ಈ ಬಟ್ಟೆ ಹಾಕ್ತಿದ್ದಾಗಲೇ ಆಗಿನ ಡಾಕ್ಟರು ಹೇಳಿದ್ರು" ಎಂದಳು ಕೊನೆಗೆ. "ಸಕ್ಕರೆ ತುಂಬಾ ಇದೆ, ಇನ್ಸುಲಿನ್ ತಗೋ ಅಂತ. ನಾನು ಅವರ ಮುಂದೆ ಹೂಂ ಅಂದು ಬಂದು, ಕಹಿ ತೊಗಟೆ ಕಷಾಯ ಕಾಯಿಸ್ಕೊಂಡು ಕುಡೀತಾ ಕೂತೆ. ಬಾಯಿ ಕಹಿಯಾದ್ರೆ ರಕ್ತಾನೂ ಕಹಿಯಾಗ್ತದೆ ಅಂದ್ಕೊಂಡೆ. ಕಾಲಲ್ಲಿ ಹುಣ್ಣಾದ ಮೇಲೆ ಸೂಜಿಗೆ ಹೋದೆ. ಬೆಂಕಿ ಹಚ್ಚಿದೋಳು ನಾನು, ಬಯ್ದಿದ್ದು ನೀರು ತಂದೋರನ್ನ."

ಅವಳಿಗೆ ಅಳು ಬಂತು. ನೋಡಲಾಗದ ಕಣ್ಣಿನಲ್ಲೂ ನೀರು ಮಾತ್ರ ಬರುತ್ತದೆ. ಬಯ್ಯುತ್ತಿದ್ದ ನೆಲ್ಸಿಯೇ ಬಂದು ತಾಯಿಯ ಪಕ್ಕ ನೆಲದ ಮೇಲೆ ಕೂತಳು.

ಮಿರ್ನಾ ಆವತ್ತೇ ನೆಲ್ಸಿಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಹೊಸ ಸೀಸೆ ಬಂತು. ಹಳೆಯದು ಕೆಲಸ ಮಾಡಿರಲಿಲ್ಲವೆಂದು ಹೊಸದನ್ನು ದುಪ್ಪಟ್ಟು ಚುಚ್ಚಿಕೊಳ್ಳಬಾರದು ಎಂದು ಡಾಕ್ಟರು ಬಿಡಿಸಿ ಹೇಳಿದರು. ಮನೆಗೆ ಬಂದ ಮೇಲೆ ಮಿರ್ನಾ ಆ ಸೀಸೆಯನ್ನು ನೆಲ್ಸಿಗೆ ಕೊಡಲಿಲ್ಲ. ಬಸೀಲಿಯಾಳ ಕೈಗೆ ಇಟ್ಟಳು.

"ಈ ಔಷಧಿ ನಿಂತಲ್ಲೇ ನಿಂತ್ರೆ ತಳ ಕಟ್ತದೆ. ಚುಚ್ಚೋ ಮುಂಚೆ ಎರಡೂ ಅಂಗೈ ಮಧ್ಯೆ ಇಟ್ಟು ಮೆಲ್ಲಗೆ ಉರುಳಿಸ್ಬೇಕು. ಕುಲುಕಬಾರ್ದು. ಈ ಕೆಲಸ ನಿಮ್ಮದು."

"ಅಂಗೈ ಬಿಸಿ ತಗುಲಿದ್ರೆ ಕೆಡಲ್ವಾ?"

"ಅಷ್ಟಕ್ಕೆ ಕೆಡಲ್ಲ. ಐಸಿನ ಹಾಗೆ ಕೊರೆಯೋದೂ ಇಲ್ಲ. ಎಷ್ಟು ಬೆಚ್ಚಗಾಗ್ಬೇಕೋ ಅಷ್ಟೇ ಆಗ್ತದೆ. ಒಲೆ ಹತ್ರ ಮಾತ್ರ ತಗೊಂಡು ಹೋಗ್ಬೇಡಿ, ನಿಮಗೆ ಕೈ ಮುಗೀತೀನಿ."

"ಹೋಗೇ, ಒಂದು ಸಲ ಸುಟ್ಟಿದ್ದು ಸಾಕು" ಎಂದಳು ಬಸೀಲಿಯಾ.

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ ಕಂದೆಲಾರಿಯಾ ಸುಮ್ಮನಿರಲಾರದೆ ಬಾಯಿ ಹಾಕಿದಳು. "ಹಂಗಾದ್ರೆ ಇನ್ಮೇಲೆ ನಾನು ಸೋಡಾ ತರಬಾರ್ದಾ?"

"ಒಂದು ಬಾಟ್ಲಿ ತಂದು ಮೇಲಿನ ಹಲಗೆ ಮೇಲಿಡಿ" ಎಂದಳು ಮಿರ್ನಾ. "ಸೂಜಿ ತಗೊಂಡು ಊಟ ತಡವಾದ್ರೆ ಕೆಲವು ಸಲ ಸಕ್ಕರೆ ಇಳಿದು ಹೋಗ್ತದೆ. ಬೆವರು ಬಂದು, ಕೈ ನಡುಗಿ, ತಲೆ ತಿರುಗಿದ್ರೆ ಆಗ ಮಾತ್ರ ಕುಡಿಸಿ. ಔಷಧಿ ಅಂತ ಕುಡಿಸಿ. ಆಮೇಲೆ ನಂಗೆ ಹೇಳಿ ಕಳಿಸಿ."

"ಏಸುವೇ, ಸೋಡಾನೂ ಔಷಧಿ ಆಯ್ತಾ!" ಎಂದು ಕಂದೆಲಾರಿಯಾ ಬಾಟಲಿ ತರಲು ಓಡಿದಳು.

ಅಂದಿನಿಂದ ಆ ಮನೆಯಲ್ಲಿ ದಿನ ಶುರುವಾಗುವುದು ಹೀಗೆ. ಬಸೀಲಿಯಾ ಮೊದಲು ಏಳುತ್ತಾಳೆ. ಒಲೆಗೆ ಬೆನ್ನು ಹಾಕಿ ಕೂತು, ಸೀಸೆಯನ್ನು ಅಂಗೈಗಳ ನಡುವೆ ಉರುಳಿಸುತ್ತಾಳೆ. ನೆಲ್ಸಿ ಚುಚ್ಚಿಕೊಳ್ಳುತ್ತಾಳೆ. ಕೆಲವು ವಾರಗಳಲ್ಲಿ ದಾಹ ಹೋಯಿತು, ತೋಳು ತುಂಬಿತು, ಎಳೆಗಳು ಬಿಡಿಬಿಡಿಯಾಗಿ ಕಾಣತೊಡಗಿದವು. ಮಳೆಗಾಲ ಬರುವ ಹೊತ್ತಿಗೆ ಡಾಕ್ಟರು ಸೂಜಿ ಕಡಿಮೆ ಮಾಡಿದರು, ಆಮೇಲೆ ಸದ್ಯಕ್ಕೆ ಬೇಡ ಎಂದು ನಿಲ್ಲಿಸಿದರು. ಮಾತ್ರೆ, ನಡಿಗೆ, ರೊಟ್ಟಿಯ ಲೆಕ್ಕ, ರಕ್ತ ಪರೀಕ್ಷೆ, ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ ಇವು ನಿಂತಿಲ್ಲ. ಸೂಜಿ ಮತ್ತೆ ಬೇಕಾಗಬಹುದು ಎಂದೂ ಡಾಕ್ಟರು ಹೇಳಿದ್ದಾರೆ. ಬೇಕಾದರೆ ತೆಗೆದುಕೊಳ್ಳುತ್ತೇನೆ ಎಂದಳು ನೆಲ್ಸಿ. ಮಿರ್ನಾ ಹೇಳಿದ ಆ ಪಕ್ಕದ ಮನೆಯವಳು ಊರು ಬಿಟ್ಟು ಹೋಗಿಲ್ಲವಲ್ಲ.

ಮದುವೆಯ ಹಿಂದಿನ ದಿನ ಇಪಿಲ್ ಮುಗಿಯಿತು. ಕಂದೆಲಾರಿಯಾಳ ಕೈಗೆ ಕೊಡುವ ಮೊದಲು ನೆಲ್ಸಿ ಅದನ್ನು ತಾಯಿಯ ಮಡಿಲಲ್ಲಿಟ್ಟಳು. ಬಸೀಲಿಯಾಳ ಬೆರಳು ಕೊರಳಿನಿಂದ ಅಂಚಿಗೆ, ಅಂಚಿನಿಂದ ಕೊರಳಿಗೆ ಹೂವು ಹೂವನ್ನೂ ಎಣಿಸಿ ಬಂತು. ಎಲ್ಲಿಯೂ ನಿಲ್ಲಲಿಲ್ಲ.

"ಒಂದೂ ತಪ್ಪಿಲ್ಲ ಕಣೇ" ಎಂದಳು.

ಈಗಲೂ ತಿಶ್ಕಾಬಿನಲ್ಲಿ ಯಾರದೋ ಮನೆಯಲ್ಲಿ ಸೂಜಿ ಶುರುವಾಯಿತಂತೆ ಎಂಬ ಸುದ್ದಿ ಬರುತ್ತದೆ. ಹೆಂಗಸರು ಶಿಲುಬೆ ಗುರುತು ಮಾಡಿಕೊಳ್ಳುತ್ತಾರೆ. ಬಸೀಲಿಯಾ ಮಾತ್ರ ಬೇರೆ ಪ್ರಶ್ನೆ ಕೇಳುತ್ತಾಳೆ: "ಬೇಗ ಶುರುವಾಯ್ತಾ, ನನ್ನ ಥರ ತಡವಾಗಿ ಶುರುವಾಯ್ತಾ?"

ಕಸೂತಿ ಹಿಡಿದೋ, ಅಕ್ಕಿ ಆರಿಸುತ್ತಲೋ ಇದನ್ನು ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಈ ಪ್ರಶ್ನೆ ನಿಮ್ಮ ಮನೆಗೂ ಸೇರಿದ್ದು. ಸಕ್ಕರೆ ಕಾಯಿಲೆ ಇರುವ ಎಲ್ಲರಿಗೂ ಇನ್ಸುಲಿನ್ ಬೇಕಾಗುವುದಿಲ್ಲ. ಯಾರಿಗೆ ಬೇಕು, ಎಷ್ಟು ಬೇಕು, ಯಾವಾಗ ನಿಲ್ಲಿಸಬೇಕು ಎಂದು ಹೇಳುವುದು ಡಾಕ್ಟರು. ನೆರೆಹೊರೆಯವರ ಮಾತು ಕೇಳಿ ಶುರುಮಾಡಬೇಡಿ, ಅವರ ಮಾತು ಕೇಳಿ ಬಿಡಲೂ ಬೇಡಿ. ಆದರೆ ಕಾಯಿಲೆ ಹೊಸದಾಗಿದ್ದಾಗಲೇ ಡಾಕ್ಟರು ಇನ್ಸುಲಿನ್ ಬೇಕು ಎಂದರೆ, ಅದು ಕೊನೆಯ ಔಷಧಿ ಎಂದು ಹೆದರಿ ಮನೆಗೆ ಓಡಿ ಬರಬೇಡಿ. ಸೋತ ಮೇದೋಜೀರಕ ಗ್ರಂಥಿಗೆ ಸ್ವಲ್ಪ ಕಾಲು ಚಾಚಲು ಬಿಟ್ಟರೆ ಕೆಲವರಲ್ಲಿ ಅದು ಮತ್ತೆ ಎದ್ದು ಕೂರುತ್ತದೆ. ಪೂರಾ ಬಿದ್ದ ಮೇಲೆ ಎತ್ತುವುದು ಕಷ್ಟ. ಕಣ್ಣು ತೆಗೆಯುವುದು ಸೂಜಿಯಲ್ಲ, ವರ್ಷಗಟ್ಟಲೆ ಇಳಿಯದೆ ಉಳಿದ ಸಕ್ಕರೆ. ಔಷಧಿಯನ್ನು ಬಿಸಿಲಿಗೂ ಒಲೆಗೂ ದೂರವಿಡಿ, ಹಿಮಗಟ್ಟಲೂ ಬಿಡಬೇಡಿ. ಅನುಮಾನವಿದ್ದರೆ ನಾಚಿಕೊಳ್ಳದೆ ನರ್ಸನ್ನು ಕೇಳಿ. ಮುಚ್ಚಿಟ್ಟುಕೊಂಡು ನಿಮ್ಮದೇ ಉಪಾಯ ಮಾಡಬೇಡಿ, ಪ್ರೀತಿಯಿಂದಲೂ ಮಾಡಬೇಡಿ.

ಬಸೀಲಿಯಾ ತನ್ನ ಮಗಳ ಮುಖ ಈಗ ಹೇಗಿದೆ ಎಂದು ಬೆರಳಿನಿಂದ ಸವರಿ ತಿಳಿಯುತ್ತಾಳೆ. ನಿಮ್ಮ ಮಕ್ಕಳ ಮುಖವನ್ನು ನೀವು ಕಣ್ಣಿನಿಂದಲೇ ನೋಡುವಂತಾಗಲಿ. ಈ ವಾರವೇ ಹೋಗಿ ರಕ್ತ ತೋರಿಸಿ.